ಬಾನ್‌ಫೆರೋನಿ ಹಾಕಿದ ಮೇಲೆ ನಾಲ್ಕರಲ್ಲಿ ಒಂದೇ ಉಳಿಯಿತು, ಏನು ಮಾಡಲಿ?

ಎರಡು ಗುಂಪುಗಳನ್ನು ಐದು ಅಳತೆಗಳಲ್ಲಿ ಹೋಲಿಸಿದ್ದೀರಿ. ಬಂದ ಪಿ ವ್ಯಾಲ್ಯೂಗಳು (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.004, 0.011, 0.018, 0.030, 0.20. ನಾಲ್ಕು ಎಂದಿನ 0.05ರ ಗಡಿಯ ಕೆಳಗಿವೆ. ಬಾನ್‌ಫೆರೋನಿ ಎಂದರೆ ಆ ಗಡಿಯನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸುವ ತಿದ್ದುಪಡಿ; ಐದರಿಂದ ಭಾಗಿಸಿದರೆ ಗಡಿ 0.01, ಹಾಗಾಗಿ ಒಂದೇ ಉಳಿಯಿತು. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ತಿದ್ದಲೇಬೇಕೆಂಬುದೂ ಸರಿ: ಪರೀಕ್ಷೆಗಳು ಸ್ವತಂತ್ರವಾಗಿದ್ದು, ಎಲ್ಲೂ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ, ಐದರಲ್ಲಿ ಒಂದಾದರೂ 0.05ರ ಕೆಳಗೆ ಬೀಳುವ ಸಾಧ್ಯತೆ ಸುಮಾರು 22.6%.

ಆದರೆ ಬಾನ್‌ಫೆರೋನಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದಾದರೂ ಸುಳ್ಳು ಫಲಿತಾಂಶ ಬರುವ ಸಾಧ್ಯತೆ 5% ಮೀರದು ಎಂದು ಅದು ಕೊಡುವ ಭರವಸೆಯನ್ನೇ 1979ರ ಹೋಮ್ ವಿಧಾನವೂ ಕೊಡುತ್ತದೆ, ಹೊಸ ಷರತ್ತೇನೂ ಹಾಕದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಮೊದಲನೆಯದರ ಗಡಿ 0.05/5, ಎರಡನೆಯದಕ್ಕೆ 0.05/4 ಅಂದರೆ 0.0125, ಮೂರನೆಯದಕ್ಕೆ 0.05/3 ಅಂದರೆ 0.0167. 0.004 ಪಾಸು, 0.011 ಪಾಸು, 0.018 ಫೇಲು. ಅಲ್ಲಿಗೆ ನಿಲ್ಲಿಸಬೇಕು. ನಾಲ್ಕನೆಯದು ಒಂದು ವೇಳೆ 0.030ರ ಬದಲು 0.021 ಆಗಿದ್ದು ತನ್ನ ಗಡಿ 0.025ರ ಒಳಗೇ ಇದ್ದರೂ ಲೆಕ್ಕಕ್ಕಿಲ್ಲ. ಬಹಳ ಜನ ಎಡವುವುದು ಇಲ್ಲೇ.

1995ರ ಬೆಂಜಮಿನಿ-ಹಾಕ್‌ಬರ್ಗ್ ವಿಧಾನ ಹಾಕಿದರೆ ನಾಲ್ಕೂ ಉಳಿಯುತ್ತವೆ. ಅಲ್ಲಿ ಗಡಿಗಳು 0.01, 0.02, 0.03, 0.04, 0.05, ನೋಡಬೇಕಾದದ್ದು ದೊಡ್ಡದರಿಂದ ಕೆಳಕ್ಕೆ. 0.20 ಫೇಲು, 0.030 ತನ್ನ 0.04ರ ಒಳಗಿದೆ, ಅದಕ್ಕಿಂತ ಚಿಕ್ಕವೆಲ್ಲ ಅದರ ಜೊತೆಗೇ ಪಾಸು. ಆದರೆ ಭರವಸೆ ಬೇರೆ: ‘ಸಿಕ್ಕಿತು’ ಎಂದವುಗಳಲ್ಲಿ ಸುಳ್ಳಿನ ಪಾಲು ಸರಾಸರಿ 5% ಮೀರದು, ಅಷ್ಟೇ. ಸಾವಿರಾರು ಜೀನ್‌ಗಳನ್ನು ಜಾಲಾಡುವವರಿಗೆ ಅದು ಸಾಕು. ಪ್ರತಿಯೊಂದನ್ನೂ ಬಿಡಿಯಾಗಿ ಸಾಧಿಸಹೊರಟ ಐದು ಅಳತೆಗಳಿಗೆ ಹೋಮ್ ಸಾಕು, ಎರಡು ಫಲಿತಾಂಶ ಒಪ್ಪಿಕೊಳ್ಳಿ. ನಾಲ್ಕು ಸಿಗುತ್ತದೆಂದು ಈಗ ವಿಧಾನ ಬದಲಿಸಿದರೆ ಅದೂ ಕಳ್ಳದಾರಿಯೇ.

ಅಂದಹಾಗೆ, ಅಳೆದದ್ದು ನಿಜವಾಗಿ ಐದೇ ತಾನೆ? ಹನ್ನೆರಡು ಅಳೆದು ಏಳನ್ನು ಬದಿಗಿಟ್ಟಿದ್ದರೆ ಭಾಜಕ 12. ಆಗ ಮೊದಲ ಗಡಿ 0.00417, ನಿಮ್ಮ 0.004 ಕೂದಲೆಳೆಯಲ್ಲಿ ಪಾರು, ಎರಡನೆಯದು ಹೋಯಿತು.

ಆರ್ (R) ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಪಿ-ಅಡ್ಜಸ್ಟ್ (p.adjust) ಫಂಕ್ಷನ್‌ಗೆ ಎಲ್ಲ ವ್ಯಾಲ್ಯೂಗಳನ್ನೂ ಕೊಡಿ, ಸೋಸಿದವನ್ನಷ್ಟೇ ಅಲ್ಲ. ಹೋಮ್ ಆಯ್ದರೆ 0.020, 0.044, 0.054, 0.060, 0.20 ಬರುತ್ತದೆ. ಇವು ಆಗಲೇ ತಿದ್ದಿದವು, ಹೋಲಿಸಬೇಕಾದದ್ದು 0.05ಕ್ಕೆ, ಮತ್ತೆ 0.01ಕ್ಕಲ್ಲ. ಕೋಷ್ಟಕದಲ್ಲಿ ಮೂಲ ಪಿ, ತಿದ್ದಿದ ಪಿ ಎರಡೂ ಇರಲಿ, 0.20ರ ಸಾಲನ್ನೂ ಬಿಡಬೇಡಿ.