‘ಯಾವೂರು?’ ಅಂತ ಕೇಳುವ ಮುಂಚೆ

ತಂಗೀ, ನೀನು ಬರೆದದ್ದು ಓದಿದೆ. ಎಬೆನ್‌ನಲ್ಲಿ ಕೆಲಸ ಸಿಕ್ಕಿದೆ, ಜೂನ್‌ಗೆ ಮಾರಿಷಸ್‌ಗೆ ಬರುತ್ತಿದ್ದೇನೆ ಅಂದಿದ್ದೀಯ. ಬೀಚ್ ಬಿಟ್ಟು ಅಲ್ಲಿ ಏನಿದೆ, ಭಾಷೆ, ಊಟ ಹೇಗೆ, ಚಂಡಮಾರುತಕ್ಕೆ ಹೆದರಬೇಕಾ ಅಂತೆಲ್ಲ ಕೇಳಿದ್ದೀಯ. ಕೊನೆಗೆ, ‘ಅಲ್ಲಿರುವವರೆಲ್ಲ ನಮ್ಮವರೇ ಅಂತೆ, ಹೌದಾ ಅಕ್ಕಾ?’ ಆ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 2007ರಲ್ಲಿ ಶಿವಮೊಗ್ಗದಿಂದ ಬಂದಿಳಿದಾಗ ನನ್ನ ತಲೆಯಲ್ಲೂ ಅದೇ ಇತ್ತು.

ಭಾಷೆ: ಆಫೀಸಿಗೆ ಇಂಗ್ಲಿಷ್ ಸಾಕು. ಪೇಪರ್ ಫ್ರೆಂಚಿನಲ್ಲಿ ಬರುತ್ತದೆ. ಮನೆ, ಬಸ್ಸು, ಅಂಗಡಿ ಎಲ್ಲ ಕ್ರಿಯೋಲ್. ಮೊದಲ ದಿನದಿಂದಲೇ ಕಲಿ. ‘ಕಿ ಮಾನ್ಯೇರ್?’ ಅಂದರೆ ‘ಹೇಗಿದ್ದೀರಿ?’ ಚಂಡಮಾರುತ: ನವೆಂಬರ್‌ನಿಂದ ಮೇ ತನಕ. ಎಚ್ಚರಿಕೆ 1ರಿಂದ 4ರ ತನಕ ಇರುತ್ತದೆ, 3 ಅಂದರೆ ಮನೆಯಿಂದ ಕಾಲು ಹೊರಗಿಡಬೇಡ. 2024ರ ಜನವರಿಯಲ್ಲಿ ಬೆಲಾಲ್ ಬಂದಾಗ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿಹೋದವು. ಅಕ್ಕಿ, ಮೇಣದಬತ್ತಿ, ಕುಡಿಯುವ ನೀರು ಸದಾ ಮನೆಯಲ್ಲಿರಲಿ.

ಊಟಕ್ಕೆ ಯೋಚನೆಯೇ ಬೇಡ. ರಸ್ತೆ ಬದಿಯಲ್ಲಿ ಧೋಲ್ ಪುರಿ ಸಿಗುತ್ತದೆ. ಬೆಲ್ಲ ಹಾಕದ ಬೇಳೆ ಒಬ್ಬಟ್ಟು ಅಂದುಕೋ, ಎರಡೆರಡು ಜೋಡಿಸಿ, ಪಲ್ಯ ಸವರಿ, ಸುತ್ತಿ ಕೊಡುತ್ತಾರೆ. ಗಾತೋ ಪಿಮಾ ಅಂದರೆ ನಮ್ಮ ಅಂಬೊಡೆಯ ಹತ್ತಿರದ ನೆಂಟ. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅದರೊಳಗೆ ಬಿಸಿಬಿಸಿಯಾಗಿ ಇಟ್ಟು ತಿನ್ನುತ್ತಾರೆ.

ಇನ್ನು ಬೀಚ್ ಬಿಟ್ಟು ಏನಿದೆ ಅಂದೆಯಲ್ಲ. ಡೋಡೋ ಹಕ್ಕಿಯ ಊರು ಇದು. 1598ರಲ್ಲಿ ಡಚ್ಚರು ಬಂದರು, ನೂರು ವರ್ಷ ತುಂಬುವುದರೊಳಗೆ ಹಕ್ಕಿ ಮಾಯ. ಅದನ್ನು ಎಲ್ಲರೂ ಹೇಳುತ್ತಾರೆ. ಇಲ್ಲಿಯ ಪುಟ್ಟ ಗಿಡುಗದ ಕಥೆ ಯಾರೂ ಹೇಳುವುದಿಲ್ಲ. 1974ರಲ್ಲಿ ಕಾಡಿನಲ್ಲಿ ಉಳಿದಿದ್ದು ನಾಲ್ಕೇ ನಾಲ್ಕು. ಮೊಟ್ಟೆ ತಂದು, ಮರಿ ಮಾಡಿಸಿ, ಸಾಕಿ ಬಿಟ್ಟು, ಈಗ ನೂರಾರು ಆಗಿವೆ. ನಾನು ಒಮ್ಮೆ ಬ್ಲ್ಯಾಕ್ ರಿವರ್ ಕಣಿವೆಯಲ್ಲಿ ಒಂದನ್ನು ನೋಡಿದೆ. ಕಣ್ಣು ತುಂಬಿ ಬಂತು, ನಿಜ.

ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ಗದ್ದೆಗಳ ನಡುವೆ ಕಪ್ಪು ಕಲ್ಲಿನ ರಾಶಿಗಳು ಕಾಣುತ್ತವೆ, ಮನೆಯಷ್ಟು ಎತ್ತರ. ಅದನ್ನು ನೋಡದೆ ಮುಂದೆ ಹೋಗಬೇಡ. ಜ್ವಾಲಾಮುಖಿಯಿಂದ ಎದ್ದ ನೆಲ ಇದು, ಅಗೆದಲ್ಲೆಲ್ಲ ಕಲ್ಲು. ಆ ಕಲ್ಲುಗಳನ್ನು ಆಳುಗಳು ಕೈಯಲ್ಲೇ ಆಯ್ದು ಒಟ್ಟಿದ್ದು. ಮೊದಲು ಆಫ್ರಿಕಾ, ಮಡಗಾಸ್ಕರ್‌ಗಳಿಂದ ತಂದ ಗುಲಾಮರು. ಆಮೇಲೆ ಕರಾರಿನ ಮೇಲೆ ಕೂಲಿಗೆ ಬಂದ ನಮ್ಮ ಕಡೆಯವರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಅನ್ನುವ ಹಡಗು ಕಲ್ಕತ್ತಾದಿಂದ 36 ಜನರನ್ನು ತಂದಿತು. 1920ರ ತನಕ ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಿಂದ ಬಂದವರು ಹತ್ತಿರ ಹತ್ತಿರ 5 ಲಕ್ಷ. ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ನಲ್ಲಿ ಅವರು ಹತ್ತಿದ 16 ಮೆಟ್ಟಿಲು ಇವತ್ತೂ ಇವೆ. ಬಂದ ಮೊದಲ ವಾರವೇ ಹೋಗು. ನಾನು ಹೋಗಿದ್ದು ಐದು ವರ್ಷ ಕಳೆದ ಮೇಲೆ, ತುಂಬಾ ತಡವಾಗಿ.

ಯಾಕೆ ತಡ ಅಂದೆ ಅಂತ ಹೇಳುತ್ತೇನೆ. ನಾವು ಕ್ವಾತ್ರ್ ಬೋರ್ನ್‌ನಲ್ಲಿ ಒಬ್ಬ ವಯಸ್ಸಾದ ಅಮ್ಮನ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ತೆಲುಗು ಮೂಲದವರು. ಬಂದ ದಿನವೇ ತಟ್ಟೆ ತುಂಬ ಗಾತೋ ಪಿಮಾ ತಂದುಕೊಟ್ಟರು. ನಾನು ಕೇಳಿದ ಮೊದಲ ಮಾತು, ‘ಅಮ್ಮಾ, ನಿಮ್ಮದು ಯಾವೂರು?’ ನಮ್ಮ ಕಡೆ ಹಾಗೇ ಅಲ್ವಾ? ಯಾವೂರು, ಯಾರ ಪೈಕಿ ಅಂತ ತಿಳಿಯದೆ ಮಾತು ಮುಂದೆ ಹೋಗುವುದೇ ಇಲ್ಲ. ಅವರು ‘ಗುಡ್‌ಲ್ಯಾಂಡ್ಸ್’ ಅಂದರು. ಈ ದ್ವೀಪದ ಉತ್ತರದ ಊರು ಅದು. ‘ಅದಲ್ಲಮ್ಮ, ಮೂಲ ಊರು?’ ಅಂದೆ. ‘ನಾನು ಹುಟ್ಟಿದ್ದು ಗುಡ್‌ಲ್ಯಾಂಡ್ಸ್, ನನ್ನಮ್ಮ ಹುಟ್ಟಿದ್ದೂ ಅಲ್ಲೇ’ ಅಂದರು. ನಾನು ಅಲ್ಲಿಗೂ ಬಿಡಲಿಲ್ಲ.

ಒಂದು ವಾರದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಒಂದು ಕಾಗದ ತಂದರು. ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ವಲಸೆ ಬಂದವರ ಹಳೆಯ ರಿಜಿಸ್ಟರ್‌ಗಳಿವೆ. ಅದರಿಂದ ತೆಗೆಸಿದ ಪ್ರತಿ, ಅವರ ಮುತ್ತಜ್ಜನದು. ಒಂದು ನಂಬರು, ಹಡಗಿನ ಹೆಸರು, ವಯಸ್ಸು, ಊರು. ಆ ಊರಿನ ಹೆಸರನ್ನು ಮನೆಯವರು ಯಾರೂ ಓದಲಾಗಿರಲಿಲ್ಲ. ‘ನೀನು ಆ ಕಡೆಯವಳು, ನೋಡು’ ಅಂದರು. ನಾನು ಒಲೆಯ ಮುಂದೆ ನಿಂತಿದ್ದೆ, ಹಾಲು ಉಕ್ಕುವುದರಲ್ಲಿತ್ತು. ಒಂದು ಸಲ ಕಣ್ಣಾಡಿಸಿ, ‘ಆಂಧ್ರದ ಯಾವುದೋ ಹಳ್ಳಿ ಇರಬೇಕಮ್ಮ’ ಅಂದು ವಾಪಸ್ ಕೊಟ್ಟೆ. ಅವರು ಅದನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಕವರಿಗೆ ಹಾಕಿಕೊಂಡು ಇಳಿದು ಹೋದರು. ಮತ್ತೆ ಯಾವತ್ತೂ ಅದನ್ನು ತೋರಿಸಲಿಲ್ಲ.

ಘಾಟ್‌ಗೆ ಹೋದ ದಿನ ನನಗೆ ಹೊಳೆಯಿತು. ಬಂದವರಲ್ಲಿ ಹೆಚ್ಚಿನವರಿಗೆ ಬರೆಯಲು ಬರುತ್ತಿರಲಿಲ್ಲ. ಗುಮಾಸ್ತ ಕಿವಿಗೆ ಬಿದ್ದದ್ದನ್ನು ತನ್ನ ಅಕ್ಷರದಲ್ಲಿ ಬರೆದುಕೊಂಡ. ಅಂಥ ಹೆಸರನ್ನು ಕಣ್ಣಲ್ಲಿ ಓದಬಾರದು, ನಾಲ್ಕಾರು ಥರ ಬಾಯಲ್ಲಿ ಹೇಳಿ ನೋಡಬೇಕು. ನನಗೆ ಅಲ್ಪಸ್ವಲ್ಪ ತೆಲುಗು ಬರುತ್ತದೆ. ಒಲೆ ಆರಿಸಿ ಅರ್ಧ ಗಂಟೆ ಅವರ ಪಕ್ಕ ಕೂತಿದ್ದರೆ ಆ ಊರು ಸಿಗುತ್ತಿತ್ತೇನೋ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ನಮ್ಮವರೇನಾ ಅಂದೆಯಲ್ಲ. ಯುಗಾದಿಗೆ ಇಲ್ಲಿ ದೇಶಕ್ಕೇ ರಜೆ. ಶಿವರಾತ್ರಿಗೆ ಲಕ್ಷಗಟ್ಟಲೆ ಜನ ಗಂಗಾ ತಲಾವ್‌ಗೆ ನಡೆದೇ ಹೋಗುತ್ತಾರೆ. ಆದರೆ ಅದು ಇಲ್ಲಿಯವರ ಹಬ್ಬ, ಇಲ್ಲಿಯವರ ಕೆರೆ. ‘ನಮ್ಮಲ್ಲಿ ಹೀಗೆ ಮಾಡಲ್ಲ’ ಅಂತ ತಿದ್ದಲು ಹೋಗಬೇಡ. ಯಾರಾದರೂ ಗುಡ್‌ಲ್ಯಾಂಡ್ಸ್ ಅಂದರೆ ಅದೇ ಅವರ ಊರು.

ಸ್ವೆಟರ್ ತಾ. ಜೂನ್ ಇಲ್ಲಿ ಚಳಿಗಾಲ. ಕ್ಯುರ್‌ಪಿಪ್ ಕಡೆ ಮನೆ ಮಾಡಿದರೆ ತೀರ್ಥಹಳ್ಳಿ ಜಡಿಮಳೆಯೇ, ದಾವಣಗೆರೆ ಬಿಸಿಲಲ್ಲಿ ಬೆಳೆದವಳಿಗೆ ಕಷ್ಟವಾಗುತ್ತದೆ. ಬಂದ ಮೇಲೆ ಫೋನ್ ಮಾಡು, ಸಂತೆಗೆ ಒಟ್ಟಿಗೆ ಹೋಗೋಣ. ಸೀಮೆಬದನೆಗೆ ಇಲ್ಲಿ ‘ಶುಶು’ ಅನ್ನುತ್ತಾರೆ. ನುಗ್ಗೆಸೊಪ್ಪು ಬೇಕಾದರೆ ‘ಬ್ರೆದ್ ಮುರುಂ’ ಅಂತ ಕೇಳಬೇಕು.