ಕುಶಲ ಕೇಳುವ ಮಾತೇ ಪ್ರಶ್ನೆಯಾದಾಗ

ಪ್ರಶ್ನೆ: ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹಾಡನ್ನು ಯುದ್ಧವಿರೋಧಿ ಹಾಡೆಂದು ಎಲ್ಲರೂ ಹೊಗಳುತ್ತಾರೆ. ಮಗಳ ಒತ್ತಾಯಕ್ಕೆ ನಾನೂ ಕೇಳಿದೆ. ಇಂಪಾಗಿದೆ, ಆದರೆ ಅದರಲ್ಲಿ ಸಿಟ್ಟೇ ಇಲ್ಲ. ಆರಂಭದಲ್ಲಂತೂ ಯಾವುದೋ ಔತಣಕೂಟದ ಗದ್ದಲ ಕೇಳಿಸುತ್ತದೆ. ಇಷ್ಟು ಮೆತ್ತಗಿರುವುದನ್ನು ಪ್ರತಿಭಟನೆಯ ಹಾಡು ಎನ್ನಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಡಿನ ಗುಟ್ಟು ಆ ಗದ್ದಲದಲ್ಲಿಯೇ ಇದೆ. ಅಲ್ಲಿ ಕೇಳಿಸುವುದು ಒಂದೆಡೆ ಸೇರಿದ ಗೆಳೆಯರು ಪರಸ್ಪರ ಮಾತನಾಡಿಸುವ ದನಿಗಳು. ಡೆಟ್ರಾಯಿಟ್ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರರಾದ ಮೆಲ್ ಫಾರ್ ಮತ್ತು ಲೆಮ್ ಬಾರ್ನಿ ಕೂಡ ಅವರಲ್ಲಿದ್ದಾರೆ. ದಾರಿಯಲ್ಲಿ ಎದುರಾದವರನ್ನು ನಾವು ‘ಏನ್ ಸಮಾಚಾರ?’ ಎಂದು ವಿಚಾರಿಸುವಂತೆ, ‘ವಾಟ್ಸ್ ಗೋಯಿಂಗ್ ಆನ್’ ಎಂಬುದೂ ಉತ್ತರವನ್ನು ಅಷ್ಟಾಗಿ ನಿರೀಕ್ಷಿಸದ ಕುಶಲಪ್ರಶ್ನೆ. ಆದರೆ ಕಣ್ಣೆದುರು ಅನ್ಯಾಯ ನಡೆಯುವಾಗ ಅದೇ ಮಾತು ಬಾಯಿಂದ ಹೊರಟರೆ ‘ಇದೇನು ನಡೆಯುತ್ತಿದೆ ಇಲ್ಲಿ?’ ಎಂಬ ಅರ್ಥ ಪಡೆಯುತ್ತದೆ. ಈ ಹಾಡು ಮೊದಲನೆಯ ಅರ್ಥದಲ್ಲಿ ಶುರುವಾಗಿ, ನಮಗೆ ಗೊತ್ತಾಗುವಷ್ಟರಲ್ಲಿ ಎರಡನೆಯದಕ್ಕೆ ಬಂದು ನಿಂತಿರುತ್ತದೆ.

ಆ ಎರಡನೆಯ ಅರ್ಥಕ್ಕೆ ಒಂದು ಜಾಗವೂ ಒಂದು ದಿನವೂ ಇವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿಶ್ವವಿದ್ಯಾಲಯದ ಖಾಲಿ ನಿವೇಶನವೊಂದನ್ನು ವಿದ್ಯಾರ್ಥಿಗಳೂ ಊರವರೂ ಸೇರಿ ‘ಪೀಪಲ್ಸ್ ಪಾರ್ಕ್’ ಎಂಬ ಉದ್ಯಾನವಾಗಿಸಿಕೊಂಡಿದ್ದರು. ಅದಕ್ಕೆ ಬೇಲಿ ಹಾಕಿಸಿದ್ದನ್ನು ವಿರೋಧಿಸಿ 1969ರ ಮೇ 15ರಂದು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗಾಯಗೊಂಡ ಯುವಕನೊಬ್ಬ ಕೆಲವೇ ದಿನಗಳಲ್ಲಿ ತೀರಿಕೊಂಡ. ‘ಫೋರ್ ಟಾಪ್ಸ್’ ಗಾಯನ ತಂಡದ ರೆನಾಲ್ಡೊ ಬೆನ್ಸನ್ ಸಂಗೀತ ಪ್ರವಾಸದ ನಡುವೆ ಬರ್ಕ್ಲಿಯ ಆ ಹಿಂಸೆಯನ್ನು ಕಂಡು ಕಳವಳಗೊಂಡರು. ಅದರಿಂದ ಹುಟ್ಟಿದ ಈ ಹಾಡನ್ನು, ಇದು ಪ್ರತಿಭಟನೆಯ ಹಾಡು ಎಂಬ ಕಾರಣಕ್ಕೆ ಅವರ ತಂಡದವರೇ ಹಾಡಲು ಒಪ್ಪಲಿಲ್ಲ. ಇದು ಪ್ರತಿಭಟನೆಯಲ್ಲ, ಪ್ರೀತಿಯ ಮತ್ತು ಪರಸ್ಪರ ಅರಿವಿನ ಹಾಡು ಎಂದು ಬೆನ್ಸನ್ ವಾದಿಸಿದರು. ಅಂದರೆ ನಿಮಗೆ ಬಂದಿರುವ ಅನುಮಾನದಲ್ಲಿ ಹಾಡು ಕಟ್ಟಿದವರೇ ನಿಮ್ಮ ಪಕ್ಷದಲ್ಲಿದ್ದಾರೆ! ತಂಡ ಒಪ್ಪದ ಆ ಹಾಡು ಕೊನೆಗೆ ಗೇ ಅವರ ಪಾಲಿಗೆ ಬಂತು.

ಆದರೂ ನಾನು ಇದನ್ನು ಪ್ರತಿಭಟನೆಯ ಹಾಡೆಂದೇ ಕರೆಯುತ್ತೇನೆ. ಹಾಡು ಯಾರನ್ನು ಕರೆದು ಮಾತನಾಡುತ್ತದೆ ಎಂಬುದನ್ನು ಗಮನಿಸಿ. ಮೊದಲು ತಾಯಿಯನ್ನು ಕರೆದು, ಅಳುತ್ತಿರುವ ನಿನ್ನಂಥವರು ಎಷ್ಟೊಂದು ಮಂದಿ ಎನ್ನುತ್ತದೆ. ಆಮೇಲೆ ಸಹೋದರನನ್ನು ಕರೆದು, ಸಾಯುತ್ತಿರುವ ನಿನ್ನಂಥವರು ಎಷ್ಟೊಂದು ಮಂದಿ ಎನ್ನುತ್ತದೆ. ತಂದೆಯ ಸರದಿ ಬಂದಾಗ ಮಾತ್ರ ಅದು ಬಳಸುವ ಪದ ‘ಎಸ್ಕಲೇಟ್’. ವಿಯೆಟ್ನಾಂ ಯುದ್ಧಕ್ಕೆ ಮತ್ತಷ್ಟು ಸೈನಿಕರನ್ನು, ಮತ್ತಷ್ಟು ಬಾಂಬುಗಳನ್ನು ಕಳುಹಿಸುವುದನ್ನು ಆಗಿನ ಅಮೆರಿಕದ ಪತ್ರಿಕೆಗಳು ಕರೆಯುತ್ತಿದ್ದುದು ಇದೇ ಪದದಿಂದ. ಸರ್ಕಾರದ ಕಡತದ ಭಾಷೆಯನ್ನು ಮನೆಯ ಪಡಸಾಲೆಗೆ ತಂದು, ಇದನ್ನು ಇನ್ನೂ ಬೆಳೆಸುವುದು ಬೇಡಪ್ಪಾ ಎಂದು ಮಗನೊಬ್ಬನು ಬೇಡಿಕೊಳ್ಳುವ ಆ ಒಂದು ಸಾಲು, ನನ್ನ ಮಟ್ಟಿಗೆ, ನೂರು ಘೋಷಣೆಗಳಿಗಿಂತ ಹರಿತವಾದದ್ದು. ಕೂದಲು ಉದ್ದ ಬಿಟ್ಟ ಮಾತ್ರಕ್ಕೆ ನಮ್ಮನ್ನು ತೀರ್ಮಾನಿಸುವವರು ಯಾರು, ಹೊಡೆಯುವ ಬದಲು ನನ್ನೊಡನೆ ಮಾತನಾಡಿ ಎಂಬ ಸಾಲುಗಳೂ ಅದೇ ದನಿಯಲ್ಲಿವೆ. ಸಿಟ್ಟಿಲ್ಲವೆಂದಲ್ಲ, ತನ್ನವರೊಡನೆ ಆಡುವ ಮಾತಾದ್ದರಿಂದ ಆ ಸಿಟ್ಟು ಇಲ್ಲಿ ದನಿ ಎತ್ತುವುದಿಲ್ಲ.

ಮೆತ್ತಗಿರುವ ಈ ಹಾಡಿಗೆ ಹೆದರಿದವರೂ ಇದ್ದರು. ಗೇ ಅವರ ಹಾಡುಗಳನ್ನು ಹೊರತರುತ್ತಿದ್ದ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಸ್ಥಾಪಕ ಬೆರ್ರಿ ಗಾರ್ಡಿ ಇದನ್ನು ಹೊರತರಲು ಹಿಂಜರಿದರು. ಇದು ಬರುವವರೆಗೆ ಬೇರೇನನ್ನೂ ಹಾಡುವುದಿಲ್ಲವೆಂದು ಗೇ ಪಟ್ಟು ಹಿಡಿದರು. 1970ರ ಜೂನ್‌ನಲ್ಲಿ ಡೆಟ್ರಾಯಿಟ್‌ನ ಸ್ಟುಡಿಯೋದಲ್ಲಿ ಮುದ್ರಣಗೊಂಡ ಹಾಡು ಜನರ ಕಿವಿಗೆ ಬಿದ್ದದ್ದು 1971ರ ಜನವರಿಯಲ್ಲಿ. ಅಮೆರಿಕದ ಜನಪ್ರಿಯ ಹಾಡುಗಳ ‘ಬಿಲ್‌ಬೋರ್ಡ್ ಹಾಟ್ 100’ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೇರಿದ ಮೇಲೆ ಅದೇ ಕಂಪನಿ ಇಡೀ ಆಲ್ಬಮ್ಮನ್ನೇ ಬೇಗ ಕೊಡಿ ಎಂದು ಅವಸರಪಡಿಸಿತು.

ಇನ್ನೊಮ್ಮೆ ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ. ಗೇ ಅವರ ಒಂದೇ ದನಿ ಎರಡಾಗಿ, ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ ಸಾಗುವುದು ತಿಳಿಯುತ್ತದೆ. ಎರಡು ಬಾರಿ ಹಾಡಿದ್ದರಲ್ಲಿ ಒಂದನ್ನು ಆರಿಸಿಕೊಳ್ಳಲೆಂದು ಇಟ್ಟಿದ್ದನ್ನು ಧ್ವನಿಮುದ್ರಣದ ತಂತ್ರಜ್ಞರು ತಪ್ಪಿ ಒಟ್ಟಿಗೆ ನುಡಿಸಿದಾಗ ಗೇ ಅದನ್ನು ಮೆಚ್ಚಿ ಹಾಗೆಯೇ ಉಳಿಸಿಕೊಂಡರು. ಒಬ್ಬನೇ ಮನುಷ್ಯ ತನ್ನೊಳಗೇ ಮಾತನಾಡಿಕೊಳ್ಳುತ್ತಿರುವಂತೆ ಕೇಳಿಸುವುದು ಆ ತಪ್ಪಿನ ಫಲ.

ಪ್ರಶ್ನೆ: ಗೇ ಅವರ ಮನೆಯವರೊಬ್ಬರು ವಿಯೆಟ್ನಾಂನಲ್ಲಿ ಹೋರಾಡಿದ್ದರೆಂದು ಕೇಳಿದ್ದೇನೆ. ಅದಕ್ಕೂ ಈ ಹಾಡಿಗೂ ಸಂಬಂಧವಿದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಇದೆ. ಅವರ ತಮ್ಮ ಫ್ರಾಂಕಿ ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿ ಬಂದವರು. ಅವರು ಹೇಳಿದ ಅನುಭವಗಳು ಅಣ್ಣನನ್ನು ಬಹಳವಾಗಿ ಕಲಕಿದವು. ಬೆನ್ಸನ್ ಮತ್ತು ಗೀತರಚನಕಾರ ಆಲ್ ಕ್ಲೀವ್‌ಲ್ಯಾಂಡ್ ಆರಂಭಿಸಿದ್ದ ಹಾಡನ್ನು ಗೇ ತಿದ್ದಿ ತಮ್ಮದಾಗಿಸಿಕೊಂಡದ್ದರ ಹಿಂದೆ ಆ ಸಂಕಟವಿದೆ. ಆದರೆ ಫ್ರಾಂಕಿಯ ನೆರಳನ್ನು ಇನ್ನೂ ಸ್ಪಷ್ಟವಾಗಿ ಕಾಣಬೇಕೆಂದರೆ, 1971ರ ಮೇ ತಿಂಗಳಲ್ಲಿ ಬಂದ ಆಲ್ಬಮ್ಮಿನ ಎರಡನೆಯ ಹಾಡಾದ ‘ವಾಟ್ಸ್ ಹ್ಯಾಪನಿಂಗ್ ಬ್ರದರ್’ ಕೇಳಬೇಕು. ಅದರಲ್ಲಿ ಯುದ್ಧದಿಂದ ಹಿಂದಿರುಗಿದ ಸೈನಿಕನೊಬ್ಬ ಗೆಳೆಯನನ್ನು ಮಾತನಾಡಿಸುತ್ತಾನೆ. ಕೊಲೆಯ ವಿಷಯವನ್ನಾಗಲೀ ಕಾಡಿನ ವಿಷಯವನ್ನಾಗಲೀ ಅವನು ಎತ್ತುವುದಿಲ್ಲ. ಎಲ್ಲಿ ಹುಡುಕಿದರೂ ಕೆಲಸ ಸಿಗುತ್ತಿಲ್ಲ ಎನ್ನುತ್ತಾನೆ. ನಾವು ಕುಣಿಯಲು ಹೋಗುತ್ತಿದ್ದ ಜಾಗಕ್ಕೆ ಜನ ಈಗಲೂ ಬರುತ್ತಾರೆಯೇ, ನಮ್ಮ ಬೇಸ್‌ಬಾಲ್ ತಂಡ ಈ ಸಲ ಗೆದ್ದೀತೇ ಎಂದು ವಿಚಾರಿಸುತ್ತಾನೆ.