‘ಇಂಪಾರ್ಟೆಂಟ್’ ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಸರಿಯಾಗಿ ಬಳಸುವುದು ಹೇಗೆ?

ಕನ್ನಡ ಮಾತಾಡುವಾಗ ದಿನಕ್ಕೆ ಹತ್ತು ಸಲ ‘ಇಂಪಾರ್ಟೆಂಟು’ ಅಂತೀವಿ. ತೊಡಕು ಶುರುವಾಗುವುದು ಇಂಗ್ಲಿಷಿನಲ್ಲಿ ಬರೆಯಲು ಕೂತಾಗ.

ಹೆಚ್ಚು ಕಣ್ಣಿಗೆ ಬೀಳುವ ತಪ್ಪು ‘ಗಿವ್ ಇಂಪಾರ್ಟೆಂಟ್ ಟು ಸ್ಟಡೀಸ್’. ‘ಓದಿಗೆ ಮಹತ್ವ ಕೊಡು’ ಅನ್ನುವಲ್ಲಿ ‘ಮಹತ್ವ’ ನಾಮಪದ, ಹಾಗಾಗಿ ಅಲ್ಲಿ ‘ಇಂಪಾರ್ಟೆನ್ಸ್’ ಬೇಕು. ‘ಮಹತ್ವದ’ ಅಥವಾ ‘ಮುಖ್ಯವಾದ’ ಅಂತ ಹೇಳಬಹುದಾದ ಕಡೆ ‘ಇಂಪಾರ್ಟೆಂಟ್’: ‘ಆನ್ ಇಂಪಾರ್ಟೆಂಟ್ ಲೆಟರ್’. ಪದ ಸ್ವರದಿಂದ ಶುರುವಾಗುತ್ತೆ, ಅದಕ್ಕೇ ಹಿಂದೆ ‘ಎ’ ಅಲ್ಲ, ‘ಆನ್’.

‘ನಾನು ಹೋಗೋದು ಮುಖ್ಯ’ ಅನ್ನೋದನ್ನು ‘ಐ ಆಮ್ ಇಂಪಾರ್ಟೆಂಟ್ ಟು ಗೋ’ ಅಂತ ಬರೆಯಬೇಡಿ. ‘ಇಟ್ ಈಸ್ ಇಂಪಾರ್ಟೆಂಟ್ ಫಾರ್ ಮೀ ಟು ಗೋ’ ಅನ್ನಿ. ಇಲ್ಲಿ ಮುಖ್ಯವಾದದ್ದು ಹೋಗುವ ಕೆಲಸ, ನೀವಲ್ಲ (ಬೇಜಾರು ಮಾಡ್ಕೋಬೇಡಿ!).

‘ಟು’, ‘ಫಾರ್’ ನಡುವಿನ ವ್ಯತ್ಯಾಸ ಇನ್ನೂ ನವಿರು. ‘ದಿಸ್ ವಾಚ್ ಈಸ್ ಇಂಪಾರ್ಟೆಂಟ್ ಟು ಮೀ’ ಅಂದರೆ ಅಪ್ಪ ಕೊಟ್ಟಿದ್ದೋ ಏನೋ, ಮನಸ್ಸಿಗೆ ಹತ್ತಿರವಾದದ್ದು. ‘ಸ್ಲೀಪ್ ಈಸ್ ಇಂಪಾರ್ಟೆಂಟ್ ಫಾರ್ ಚಿಲ್ಡ್ರನ್’ ಅಂದರೆ ನಿದ್ದೆಯಿಂದ ಮಕ್ಕಳಿಗೆ ಒಳ್ಳೆಯದಾಗುತ್ತೆ ಅಂತ. ಮಲಗು ಅಂದಾಗ ಅವರು ಹಟ ಮಾಡುವುದೇ ಹೆಚ್ಚು, ಆದರೂ ವಾಕ್ಯ ಸರಿ.